ಬ್ರಾಯ್ಲರ್ ಕೋಳಿ ಆಹಾರ: ಶಕ್ತಿ ಮತ್ತು ಪೂರಕಗಳು

ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಯ ಆಹಾರ ರೂಪಿಸುವಾಗ ಮೊದಲು ಲೆಕ್ಕ ಹಾಕುವುದು ಚಯಾಪಚಯ ಶಕ್ತಿಯನ್ನು. ಮರಿಗಳ ಫೀಡಿನಲ್ಲಿ ಇದು ಕಿಲೋಗೆ ಸುಮಾರು 3,000 ಕಿಲೋಕ್ಯಾಲೊರಿ. ಕೊನೆಯ ಹಂತದಲ್ಲಿ 3,200ರ ಆಸುಪಾಸು. ಭಾರತದಲ್ಲಿ ಈ ಶಕ್ತಿಯ ಬಹುಪಾಲು ಮೆಕ್ಕೆಜೋಳದಿಂದ ಬರುತ್ತದೆ. ದಾವಣಗೆರೆ, ಹಾವೇರಿಯ ಬೆಳೆಯೂ ಫೀಡ್ ಕಾರ್ಖಾನೆಗಳಿಗೆ ಹೋಗುತ್ತದೆ. ಎಣ್ಣೆ ಬೆರೆಸಿದರೆ ಶಕ್ತಿ ಏರುತ್ತದೆ, ಆದರೆ ಕೋಳಿ ತಿನ್ನುವುದು ಕಡಿಮೆಯಾಗಬಹುದು. ಆಗ ಲೈಸಿನ್, ಮೆಥಿಯೋನಿನ್‌ನಂಥ ಅಮೈನೋ ಆಮ್ಲಗಳ ಪ್ರಮಾಣವನ್ನೂ ಏರಿಸಲೇಬೇಕು. ಇಲ್ಲವಾದರೆ ಎದೆಯ ಮಾಂಸದ ಬದಲು ಹೊಟ್ಟೆಯೊಳಗೆ ಕೊಬ್ಬು ತುಂಬುತ್ತದೆ.

ಪೂರಕಗಳಲ್ಲಿ ಫೈಟೇಸ್ ಕಿಣ್ವದ ಉಪಕಾರ ದೊಡ್ಡದು. ಧಾನ್ಯದ ಫೈಟೇಟಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಅದು ಬಿಡಿಸಿಕೊಡುವುದರಿಂದ ಹಿಕ್ಕೆಯ ಮೂಲಕ ಮಣ್ಣು, ನೀರು ಸೇರುವ ರಂಜಕವೂ ತಗ್ಗುತ್ತದೆ. ಇನ್ನು ಬೆಳವಣಿಗೆಗೆಂದು ಫೀಡಿಗೆ ಆ್ಯಂಟಿಬಯೋಟಿಕ್ ಬೆರೆಸುವ ರೂಢಿಯನ್ನು ಐರೋಪ್ಯ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕನ್ನು ಭಾರತ 2019ರಲ್ಲಿ ಕೋಳಿ, ಜಾನುವಾರು, ಮೀನು ಸಾಕಣೆಯಲ್ಲಿ ನಿಷೇಧಿಸಿತು. ತಡವಾದರೂ ಸರಿಯಾದ ಕ್ರಮ.