ಕ್ಸಾಂಥೊಮೊನಾಸ್ ದುಂಡಾಣುವಿನ ಪುನರಾವರ್ತಿತ ಪ್ರೋಟೀನು: ಒಂದು ಸಂಶೋಧನೆಯ ಚರಿತ್ರೆ

ಭತ್ತ, ಹತ್ತಿ, ನಿಂಬೆಜಾತಿಯ ಗಿಡಗಳು ಮತ್ತು ದೊಣ್ಣೆಮೆಣಸಿನಕಾಯಿಗೆ ರೋಗ ತರುವ ಕ್ಸಾಂಥೊಮೊನಾಸ್ ದುಂಡಾಣುಗಳಲ್ಲಿ ಟ್ಯಾಲ್ ಎಂಬ ಪ್ರೋಟೀನುಗಳ ಕುಟುಂಬವಿದೆ. ಇವುಗಳ ನಡುಭಾಗದಲ್ಲಿ ಸುಮಾರು 34 ಅಮೈನೊ ಆಮ್ಲಗಳ ಬಹುತೇಕ ಒಂದೇ ಬಗೆಯ ತುಣುಕು ಸಾಲಾಗಿ ಮರುಕಳಿಸುತ್ತದೆ. ಈ ಸಾಲು ಬೆಳಕಿಗೆ ಬಂದದ್ದು 1989ರಲ್ಲಿ, ಅದರ ಅರ್ಥ ತಿಳಿದದ್ದು 2009ರಲ್ಲಿ. ನಡುವೆ 20 ವರ್ಷ ಹಿಡಿದದ್ದಕ್ಕೆ ಕಾರಣವಿದೆ. ದುಂಡಾಣುವಿನಲ್ಲಿ ಇದ್ದದ್ದು ಅರ್ಧ ಸಾಕ್ಷ್ಯ ಮಾತ್ರ, ಉಳಿದರ್ಧ ಆತಿಥೇಯ ಸಸ್ಯದ ಡಿಎನ್‌ಎಯಲ್ಲಿತ್ತು ಎಂಬುದು ಈ ಲೇಖನದ ವಾದ.

ಮೊದಲ ಸುಳಿವುಗಳು

ದೊಣ್ಣೆಮೆಣಸಿನ ಎಲೆಚುಕ್ಕೆ ರೋಗದ ದುಂಡಾಣುವಿನಿಂದ ಎವಿಆರ್‌ಬಿಎಸ್3 ಎಂಬ ವಂಶವಾಹಿಯನ್ನು ಉಲ್ಲಾ ಬೊನಾಸ್ ಮತ್ತು ಸಂಗಡಿಗರು 1989ರಲ್ಲಿ ವಿವರಿಸಿದರು. ಅದರ ಪ್ರೋಟೀನಿನಲ್ಲಿ ಹದಿನೇಳೂವರೆ ತುಣುಕುಗಳಿದ್ದವು. ಬಿಎಸ್3 ವಂಶವಾಹಿಯುಳ್ಳ ಗಿಡದಲ್ಲಿ ಈ ಪ್ರೋಟೀನು ಹೊಕ್ಕ ಜಾಗದ ಜೀವಕೋಶಗಳು ತಾವಾಗಿಯೇ ಸತ್ತು ರೋಗ ಹರಡದಂತೆ ತಡೆಯುತ್ತಿದ್ದವು. 1992ರಲ್ಲಿ ಅದೇ ತಂಡ ಕೆಲವು ತುಣುಕುಗಳನ್ನು ತೆಗೆದು ನೋಡಿತು. ಹಾಗೆ ಮಾರ್ಪಟ್ಟ ಕೆಲವು ಪ್ರೋಟೀನುಗಳನ್ನು ಬಿಎಸ್3 ಇಲ್ಲದ ಗಿಡಗಳೂ ಗುರುತಿಸತೊಡಗಿದವು. ಯಾವ ಗಿಡ ಪ್ರತಿಕ್ರಿಯಿಸಬೇಕೆಂಬುದು ತುಣುಕುಗಳ ಸಾಲಿನಲ್ಲೇ ಅಡಗಿದೆ ಎಂದು ಖಚಿತವಾಯಿತು. ಆದರೆ ಅವು ಏನನ್ನು ಹಿಡಿಯುತ್ತವೆ ಎಂಬುದು ಮಾತ್ರ ತಿಳಿಯಲಿಲ್ಲ.

ಗಿಡದ ಕಡೆಯ ಸಾಕ್ಷ್ಯ

ಈ ಪ್ರೋಟೀನು ಕೆಲಸ ಮಾಡುವುದು ಸಸ್ಯಕೋಶದ ಒಳಗೇ ಎಂದು 1996ರಲ್ಲಿ ಸಾಬೀತಾಯಿತು. ದುಂಡಾಣು ಅದನ್ನು ಸೂಜಿಯಂಥ ರಚನೆಯ ಮೂಲಕ ಕೋಶದೊಳಕ್ಕೆ ಚುಚ್ಚುತ್ತದೆ, ಅಲ್ಲಿಂದ ಅದು ಕೋಶಕೇಂದ್ರ ಸೇರುತ್ತದೆ. 2007ರಲ್ಲಿ ಬೊನಾಸ್ ಹಾಗೂ ಥಾಮಸ್ ಲಹಾಯೆ ಅವರ ತಂಡಗಳು ಅದು ಗಿಡದ ಡಿಎನ್‌ಎಗೆ ನೇರವಾಗಿ ಅಂಟುತ್ತದೆ ಎಂದು ತೋರಿಸಿದವು. ರೋಗಕ್ಕೆ ಒಳಗಾಗುವ ಗಿಡದಲ್ಲಿ ಅದು ಯುಪಿಎ20 ಎಂಬ ವಂಶವಾಹಿಯನ್ನು ಚಾಲೂ ಮಾಡಿ ಕೋಶಗಳನ್ನು ಉಬ್ಬಿಸುತ್ತದೆ. ನಿರೋಧಕ ಗಿಡದಲ್ಲಿ ಬಿಎಸ್3 ವಂಶವಾಹಿಯ ಮುಂಭಾಗದಲ್ಲೇ ಅಂಥ ಅಂಟುತಾಣವಿದೆ. ದುಂಡಾಣುವಿನ ಅಸ್ತ್ರವೇ ಅಲ್ಲಿ ರಕ್ಷಣೆಯನ್ನು ಎಬ್ಬಿಸುತ್ತದೆ.

ಸಂಕೇತ ಬಿಡಿಸಿದ್ದು

ತುಣುಕುಗಳು ಮುಖ್ಯವಾಗಿ 12 ಮತ್ತು 13ನೇ ಸ್ಥಾನದ ಅಮೈನೊ ಆಮ್ಲಗಳಲ್ಲಿ ಬೇರೆಯಾಗುತ್ತವೆ. ಈ ಜೋಡಿಗಳನ್ನು ಗಿಡದ ಡಿಎನ್‌ಎ ಅಕ್ಷರಗಳ ಪಕ್ಕದಲ್ಲಿಟ್ಟು ಹೋಲಿಸಿದಾಗ ಒಂದು ತುಣುಕಿಗೆ ಒಂದು ಅಕ್ಷರ ಎಂಬ ನಿಯಮ ಕಂಡಿತು. ಹಿಸ್ಟಿಡಿನ್–ಆಸ್ಪಾರ್ಟಿಕ್ ಆಮ್ಲದ ಜೋಡಿ ಸೈಟೊಸಿನ್ ಅನ್ನು, ಆಸ್ಪರಜಿನ್–ಗ್ಲೈಸಿನ್ ಥೈಮಿನ್ ಅನ್ನು, ಆಸ್ಪರಜಿನ್–ಐಸೊಲ್ಯೂಸಿನ್ ಅಡೆನಿನ್ ಅನ್ನು ಹಿಡಿಯುತ್ತದೆ. ಎರಡೂ ಆಸ್ಪರಜಿನ್ ಆದರೆ ಗ್ವಾನಿನ್ ಅಥವಾ ಅಡೆನಿನ್. ಜರ್ಮನಿಯಲ್ಲಿ ಯೆನ್ಸ್ ಬೋಕ್ ತಂಡವೂ ಅಮೆರಿಕದಲ್ಲಿ ಮ್ಯಾಥ್ಯೂ ಮಾಸ್ಕೊ ಮತ್ತು ಆಡಮ್ ಬೊಗ್ಡಾನೋವ್ ಅವರೂ ಬೇರೆ ಬೇರೆಯಾಗಿ ಇದೇ ನಿಯಮ ತಲುಪಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2012ರ ಸ್ಫಟಿಕ ಅಧ್ಯಯನಗಳಲ್ಲಿ ತುಣುಕುಗಳು ಡಿಎನ್‌ಎ ಎಳೆಯನ್ನು ಸುರುಳಿಯಾಗಿ ಸುತ್ತಿಕೊಂಡಿರುವುದು ಕಂಡಿತು. 13ನೇ ಆಮ್ಲ ಅಕ್ಷರವನ್ನು ಮುಟ್ಟುತ್ತದೆ, 12ನೆಯದು ಅದಕ್ಕೆ ಆಧಾರ ಕೊಡುತ್ತದೆ.

ಭತ್ತದ ಗದ್ದೆಗೆ

ಭತ್ತದ ದುಂಡಾಣು ಎಲೆ ಅಂಗಮಾರಿ ರೋಗದಲ್ಲೂ ಇದೇ ನಿಯಮ ನಡೆಯುತ್ತದೆ. ಪಿಟಿಎಚ್‌ಎಕ್ಸ್‌ಒ1 ಎಂಬ ಟ್ಯಾಲ್ ಪ್ರೋಟೀನು ಸಕ್ಕರೆಯನ್ನು ಕೋಶದಿಂದ ಹೊರಬಿಡುವ ಸ್ವೀಟ್11 ವಂಶವಾಹಿಯನ್ನು ಎಬ್ಬಿಸುತ್ತದೆ. ಎಕ್ಸ್‌ಎ13 ಎಂಬ ನಿರೋಧಕ ರೂಪದಲ್ಲಿ ಅದೇ ವಂಶವಾಹಿಯ ಮುಂಭಾಗ ಬದಲಾಗಿದೆ. ಹಾಗಾಗಿ ತುಣುಕುಗಳಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬಹಳವಾಗಿ ಬೆಳೆಯುವ ಬಿಪಿಟಿ 5204 ತಳಿಗೆ ಎಕ್ಸ್‌ಎ13, ಎಕ್ಸ್‌ಎ5, ಎಕ್ಸ್‌ಎ21 ಎಂಬ ನಿರೋಧಕ ವಂಶವಾಹಿಗಳನ್ನು ಸೇರಿಸಿ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಜೀವಕೋಶ ಹಾಗೂ ಅಣು ಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ) ಸುಧಾರಿತ ಸಂಬಾ ಮಸೂರಿಯನ್ನು ರೂಪಿಸಿದವು. ಅದು ಬಿಡುಗಡೆಯಾದದ್ದು 2008ರಲ್ಲಿ, ಸಂಕೇತ ಬಿಡಿಸುವ ಒಂದು ವರ್ಷ ಮೊದಲು. ಹೊಲದಲ್ಲಿ ಫಲ ಕೊಡುತ್ತಿದ್ದ ಗುಣದ ಒಳಗುಟ್ಟನ್ನು ಸಂಕೇತ ಆಮೇಲೆ ಬಿಡಿಸಿ ಹೇಳಿತು.

ಈ ಸಂಕೇತದ ಅರಿವು ಸಸ್ಯರೋಗದ ಆಚೆಗೂ ಹೋಯಿತು. ತುಣುಕುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ, ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಸೇರಿಸಿದ ಟ್ಯಾಲೆನ್ ಸಾಧನ 2010ರಲ್ಲಿ ಬಂದಿತು. 2015ರಲ್ಲಿ ಲಂಡನ್ನಿನಲ್ಲಿ ರಕ್ತದ ಕ್ಯಾನ್ಸರಿನ ಒಂದು ಮಗುವಿಗೆ ಕೊಟ್ಟ ರೋಗನಿರೋಧಕ ಕೋಶಗಳನ್ನು ತಿದ್ದಿದ್ದು ಇದೇ ಸಾಧನದಿಂದ. ರೋಗಾಣುವನ್ನು ಮಾತ್ರ ಬಿಡಿಯಾಗಿ ಓದಿದ್ದರೆ ಇದಾವುದೂ ಕೈಗೆ ಬರುತ್ತಿರಲಿಲ್ಲ. ಇತರ ರೋಗಾಣುಗಳ ಪುನರಾವರ್ತಿತ ಪ್ರೋಟೀನುಗಳನ್ನು ಅಭ್ಯಸಿಸುವವರೂ ಆತಿಥೇಯ ಜೀವಿಯ ಅಣುಗಳನ್ನು ಮೊದಲ ದಿನದಿಂದಲೇ ಎದುರಿಗಿಟ್ಟುಕೊಳ್ಳಬೇಕು.