ತರಗತಿಯಲ್ಲಿ ಆನ್‌ಲೈನ್ ಸ್ಪ್ರೆಡ್‌ಶೀಟ್
ಗೂಗಲ್ ಸಂಸ್ಥೆಯು 2006ರಲ್ಲಿ ರೈಟ್ಲಿ ಎಂಬ ಬರಹ ತಂತ್ರಾಂಶವನ್ನು ಖರೀದಿಸಿ, ಅದೇ ವರ್ಷ ಸ್ಪ್ರೆಡ್‌ಶೀಟ್ ಸೇವೆಯನ್ನೂ ಆರಂಭಿಸಿತು. ಇಂದಿನ ಡಾಕ್ಸ್ ಮತ್ತು ಶೀಟ್ಸ್‌ಗಳ ಮೂಲವಿದು. ಹಲವು ವಿದ್ಯಾರ್ಥಿಗಳು ಒಂದೇ ಕಡತದಲ್ಲಿ ಏಕಕಾಲಕ್ಕೆ ಬರೆಯಬಹುದಾದುದು ಇವುಗಳ ವೈಶಿಷ್ಟ್ಯ. ಉದಾಹರಣೆಗೆ, ಪ್ರತಿ ತಂಡವೂ ತಾನು ಅಳೆದ ಮಳೆಯ ಪ್ರಮಾಣವನ್ನು ತನ್ನ ಸಾಲಿನಲ್ಲಿ ದಾಖಲಿಸಿದಂತೆಲ್ಲ, ಮೊದಲೇ ಸೂತ್ರ ಅಳವಡಿಸಿದ್ದರೆ ಸರಾಸರಿಯೂ ಬದಲಾಗುತ್ತಾ ಹೋಗುತ್ತದೆ. ವಿದ್ಯಾರ್ಥಿಗಳು ತಂತಮ್ಮ ಖಾತೆಯಿಂದ ಪ್ರವೇಶಿಸಿದ್ದರೆ, ಯಾರು ಏನನ್ನು ಬರೆದರು, ಅಳಿಸಿದರು ಎಂಬುದು ಆವೃತ್ತಿ ಇತಿಹಾಸದಲ್ಲಿ ಕಾಣುತ್ತದೆ.

ಕಡತ ಹಂಚುವಾಗ ಶಿಕ್ಷಕರು ಓದುವ, ಟಿಪ್ಪಣಿ ಬರೆಯುವ ಅಥವಾ ತಿದ್ದುವ ಅನುಮತಿಯನ್ನು ನೀಡಬಹುದು. ಇಲ್ಲಿ ಎಚ್ಚರ ಅಗತ್ಯ. ಲಿಂಕ್ ಉಳ್ಳ ಯಾರಾದರೂ ನೋಡಬಹುದೆಂಬ ಆಯ್ಕೆಯಲ್ಲಿ ಅಂಕಪಟ್ಟಿಯನ್ನು ಹಂಚಿದರೆ, ಆ ಲಿಂಕ್ ತಲುಪಿದವರೆಲ್ಲರಿಗೂ ಇಡೀ ತರಗತಿಯ ಅಂಕಗಳು ಬಯಲಾಗುತ್ತವೆ. ಆದ್ದರಿಂದ ಪಾಠದ ಕಡತವನ್ನೂ ಅಂಕಗಳ ಕಡತವನ್ನೂ ಪ್ರತ್ಯೇಕವಾಗಿಡುವುದು ಲೇಸು.