ಬಾಯಿಗೆ ಬಂದ ಹೂವು



ಹೂವು ಎಂದೊಡನೆ ನಿಮಗೆ ದೇವರ ಮುಡಿ ನೆನಪಾಗುತ್ತದೆ, ಆಮೇಲೆ ಹೆಣ್ಣುಮಕ್ಕಳ ಮುಡಿ. ಊಟದ ಎಲೆ ನೆನಪಾಗುವುದಿಲ್ಲ. 'ನಾವೇನು ಹೂವು ತಿನ್ನುವವರೇ?' ಎಂದು ನಗಬಹುದು. ಹಾಗಾದರೆ ಯುಗಾದಿಯ ದಿನ ಏನು ತಿಂದಿರಿ? ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಒಂದೇ ಬೀದಿಯ ಈಚೆ ಮನೆಯಲ್ಲಿ ಬೇವು-ಬೆಲ್ಲ, ಆಚೆ ಮನೆಯಲ್ಲಿ ಹುಣಸೆಹುಳಿ, ಮಾವಿನಕಾಯಿ, ಬೆಲ್ಲ ಕಲಸಿದ ಪಚ್ಚಡಿ. ಎರಡರಲ್ಲೂ ಬಿದ್ದಿರುವುದು ಅದೇ ಬೇವಿನ ಹೂವು.

ಆ ಮಾತಿನ ಚರಿತ್ರೆಯೂ ನಮ್ಮ ನೆಲದಲ್ಲೇ ಇದೆ. ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ. ಅದರ ಹಳೆಯ ಹೆಸರು ಪೆಂಜೇರು. ಮುಂದೆ ಅದೇ ಹೆಂಜೇರು ಆಯಿತು. ಹಳಗನ್ನಡದ ಪಕಾರ ಹಕಾರವಾದ ಆ ದಾರಿಯಲ್ಲೇ 'ಪೂ' ಹೋಗಿ 'ಹೂ' ಬಂದಿತು. ತೆಲುಗಿನಲ್ಲಿ ಪಕಾರ ಉಳಿಯಿತು. ಅವರು ಪೂವು, ಪುವ್ವು ಎಂದರು. ನೆರೆಮನೆಯಾಕೆ 'ವೇಪ ಪುವ್ವು' ಎಂದಾಗ ನಮ್ಮ ಹಳೆಯ ಕನ್ನಡವೇ ಕಿವಿಗೆ ಬಿದ್ದಂತಾಗುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಚೇರಿಯ ಗಡಿಗಳು ಸರಿದಾಡಿದವು. ಬೇವು ಮಾತ್ರ ಎರಡೂ ಕಡೆ ಚೈತ್ರಕ್ಕೇ ಹೂ ಬಿಟ್ಟಿತು.

ಈಗ ನಮ್ಮ ಹಿರಿಯರು ಯಾವ ಹೂವು ತಿಂದರು ಎಂಬುದನ್ನು ನೋಡೋಣ. ನಮ್ಮದು ಮಳೆ ಕಡಿಮೆಯ ಸೀಮೆ. ಇಲ್ಲಿ ಹೂವೆಂದರೆ ನಾಳೆಯ ಕಾಯಿ. ಕಾಯಾಗುವುದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಲು ರೈತನಿಗೆ ಮನಸ್ಸು ಬಾರದು. ಬೇವಿನ ಮರ ರಾಶಿ ರಾಶಿ ಹೂವು ಉದುರಿಸುತ್ತದೆ. ಕೆಳಗೆ ಹಳೆಯ ಪಂಚೆ ಹಾಸಿದರೆ ಸಾಕು. ಕುಂಬಳಬಳ್ಳಿಯ ಗಂಡು ಹೂವು ಕಾಯಿ ಕಚ್ಚುವುದಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಕಾಣುತ್ತದೆ, ಅದನ್ನು ಮುಟ್ಟಬಾರದು. ದುಂಬಿಗಳ ಕೆಲಸಕ್ಕೆ ನಾಲ್ಕು ಗಂಡು ಹೂವು ಬಿಟ್ಟು, ಉಳಿದದ್ದನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಬಹುದು. ಬಾಳೆಗೊನೆಯಲ್ಲಿ ಚಿಪ್ಪುಗಳೆಲ್ಲ ಮೂಡಿದ ಮೇಲೆ ತುದಿಯ ಹೂವು ಕೊಯ್ದರೆ ನಷ್ಟವಿಲ್ಲ. ಬಾಳೆಹೂವಿನ ಅಡುಗೆ ನಿನ್ನೆ ಮೊನ್ನೆಯದೂ ಅಲ್ಲ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ತನ್ನ 'ಸೂಪಶಾಸ್ತ್ರ'ದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾನೆ. ನುಗ್ಗೆಯ ವಿಷಯದಲ್ಲಿ ಕೈ ಸ್ವಲ್ಪ ಬಿಗಿ, ಉದುರಿದ್ದನ್ನೇ ಆರಿಸಬೇಕು. ಎಲ್ಲಕ್ಕಿಂತ ಸೋಜಿಗದ್ದು ಹಿಪ್ಪೆ. ಅದರ ಸಿಹಿ ಹೂವು ರಾತ್ರಿ ತಾನಾಗಿ ಬೀಳುತ್ತದೆ, ಕಾಯಿ ಮರದಲ್ಲೇ ಉಳಿದು ಬಲಿಯುತ್ತದೆ. ಹೂವೂ ಆಯಿತು, ಬೀಜದ ಎಣ್ಣೆಯೂ ಆಯಿತು!

ಇನ್ನು ತಂಗಡಿ, ತೆಲುಗಿನ ತಂಗೇಡು. ಬೀಳುನೆಲದಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡ. ತೊಗಟೆ ಚರ್ಮ ಹದಮಾಡುವವರಿಗೆ, ಹಳದಿ ಹೂವು ಕಷಾಯಕ್ಕೆ, ಪಲ್ಯಕ್ಕೆ. 1876ರಿಂದ 78ರವರೆಗಿನ ಧಾತು ಸಂವತ್ಸರದ ಬರ ನಮ್ಮ ಸೀಮೆಯನ್ನು ಹಿಂಡಿತು. ಅಂಥ ಕಾಲದಲ್ಲಿ ಜನರ ಹೊಟ್ಟೆಗೆ ಆಸರೆಯಾದದ್ದು ಅಡವಿಯ ಸೊಪ್ಪುಸದೆ. ಆಮೇಲೆ ಅಡವಿಯ ಊಟವೆಂದರೆ ಬಡವರ ಊಟ ಎಂಬ ಸಂಕೋಚ ಬಂತೆಂದು ನನಗೆ ತೋರುತ್ತದೆ. ತಂಗಡಿ ಪಲ್ಯವನ್ನು ನೆಂಟರಿಗೆ ಬಡಿಸುವವರು ಎಷ್ಟು ಮಂದಿ ಹೇಳಿ?

ನಿಮ್ಮ ಮಸಾಲೆ ಡಬ್ಬಿಯನ್ನೂ ಒಮ್ಮೆ ತೆರೆಯಿರಿ. ಲವಂಗ ಹೂವಿನ ಮೊಗ್ಗು. ಅದನ್ನು ನಾವು ಹೂವೆನ್ನುವುದಿಲ್ಲ. ಕಲ್ಲುಹೂವನ್ನು ಹೂವೆನ್ನುತ್ತೇವೆ, ಅದು ಬಂಡೆ, ಮರಗಳ ಮೇಲೆ ಹಬ್ಬುವ ಹಾವಸೆಯ ಜಾತಿ. ತೆಲುಗಿನ ಅನಾಸ ಪುವ್ವು ನಿಜಕ್ಕೂ ಒಣಗಿದ ಕಾಯಿ. ಮೋಸಹೋಗುವುದರಲ್ಲಿ ಎರಡು ಭಾಷೆಗಳೂ ಸಮ.

ಆದರೆ ಒಂದು ಕಡೆ ಮೋಸಹೋಗಬಾರದು. ಕಣಗಿಲೆ, ಉಮ್ಮತ್ತಿ ಎರಡೂ ವಿಷ. ಶಿವನಿಗೆ ಏರಿಸಿದರು, ಬಾಯಿಗೆ ತರಲಿಲ್ಲ. ಮಕ್ಕಳು ಶಾಲೆಯಲ್ಲಿ ಗನ್ನೇರು ಎಂದು ಕಲಿತು, ಮನೆಯಲ್ಲಿ ಅಜ್ಜಿ ಕಣಗಿಲೆ ಎಂದರೆ ಅದೇ ಗಿಡವೆಂದು ತಿಳಿಯದೆ ಹೋಗಬಹುದು. ಎರಡೂ ಹೆಸರು ಹೇಳಿಕೊಡಿ. ಪೇಟೆಯಿಂದ ಪೂಜೆಗೆ ತಂದ ಹೂವನ್ನೂ ಅಡುಗೆಗೆ ಹಾಕಬೇಡಿ. ಅದಕ್ಕೆ ಔಷಧಿ ಹೊಡೆದಿರುತ್ತಾರೆ.

ಬೇವಿನ ಹೂವನ್ನು ಹಬ್ಬದೊಂದಿಗೇ ಮರೆಯಬೇಡಿ. ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ. ಮಳೆಗಾಲದಲ್ಲಿ ಬಾಯಿ ಕೆಟ್ಟಾಗ ಒಂದು ಚಮಚ ಹೂವನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಹುಣಸೆಹುಳಿಯ ತಿಳಿಸಾರಿಗೆ ಹಾಕಿ, ಬಿಸಿ ಅನ್ನಕ್ಕೆ ಕಲಸಿ ನೋಡಿ.